ಗೋ + ಕಾಕಾ: ಚಿತ್ರ ನೋಡಿ ಪದ ಹೇಳುವ ಆಟ, ಮೂರು ಥರ ಆಡಿ ನೋಡಿದ್ದು

ಒಂದು ಹಸು. ಪಕ್ಕದಲ್ಲಿ ಮೀಸೆ ಬಿಟ್ಟ ಒಬ್ಬ ಗಂಡಸು. ಊರಿನ ಹೆಸರು ಹೇಳಿ.

ಬೆಳಗಾವಿಯ ಗೆಳೆಯ ಇದನ್ನು ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದಾಗ ನಮಗೆಲ್ಲ ಒಂದೇ ನಿಮಿಷದಲ್ಲಿ ಉತ್ತರ ಹೊಳೆಯಿತು. ವೈನಿ ಮಾತ್ರ ಮಧ್ಯಾಹ್ನದವರೆಗೆ ಒದ್ದಾಡಿದರು. ವೈನಿ ಅಂದರೆ ಅತ್ತಿಗೆ. ಅವರು ನಮ್ಮ ಬೆಂಗಳೂರಿನ ಗೆಳೆಯನ ಹೆಂಡತಿ, ಮೈಸೂರಿನವರು. "ಹಸು, ಗಂಡ... ಗೋಪಾಲಪುರ ಅಂತ ನಿಮ್ಮ ಕಡೆ ಊರಿದೆಯಾ?" ಅಂತ ಕೇಳಿದರು. ಉತ್ತರ ಗೋಕಾಕ. ಗೋ ಅಂದರೆ ಹಸು, ಪಕ್ಕದಲ್ಲಿ ನಿಂತವನು ಕಾಕಾ. ಚಿಕ್ಕಪ್ಪನನ್ನು ಕಾಕಾ ಅಂತ ಕರೆದು ಬೆಳೆದವರಿಗೆ ಇದು ನೀರು ಕುಡಿದಷ್ಟು ಸುಲಭ. ಬೇರೆಯವರಿಗೆ ಕಬ್ಬಿಣದ ಕಡಲೆ.

ನಾವು ಆರು ಜನ. ವಿಜಯಪುರದಲ್ಲಿ ನಾನು ಮತ್ತು ಇನ್ನೊಬ್ಬ, ಬೆಳಗಾವಿಯಲ್ಲಿ ಒಬ್ಬ, ಪುಣೆಯಲ್ಲಿ ಒಬ್ಬ, ಬೆಂಗಳೂರಿನಲ್ಲಿ ಗೆಳೆಯ ಮತ್ತು ವೈನಿ. ಕಳೆದ ಮಳೆಗಾಲದಿಂದ ಈ ಹುಚ್ಚು ಹಿಡಿದಿದೆ. ಮೂರು ಥರ ಆಡಿದ್ದೇವೆ: ವಾಟ್ಸಾಪಿನಲ್ಲಿ ಎಮೋಜಿ ಹಾಕಿ, ಬ್ರೌಸರಿನಲ್ಲಿ ಚಿತ್ರ ಬಿಡಿಸಿ, ವಿಡಿಯೋ ಕಾಲಿನಲ್ಲಿ ಫೋಟೋ ತೋರಿಸಿ. ಯಾವುದು ಚೆನ್ನ ಅಂತ ಈಗಲೂ ಜಗಳ ಇದೆ. ನನ್ನ ಲೆಕ್ಕ ಇಲ್ಲಿದೆ.

ಮೊದಲು ಎಮೋಜಿ. ಶುರು ಮಾಡಿದ್ದು ಬಾಗಿಲು ಮತ್ತು ಕೋಟೆಯಿಂದ. ಬಾಗಲಕೋಟೆ, ಎಲ್ಲರಿಗೂ ಬಂತು. ಅಂಗೈ ಮತ್ತು ಸೊಪ್ಪಿನ ಕಟ್ಟು? ಕರದಂಟು, ನಮ್ಮ ಕಡೆಯ ಸಿಹಿ ತಿಂಡಿ. ಇದಕ್ಕೆ ಎರಡು ಗಂಟೆ ಹಿಡಿಯಿತು, ಯಾಕೆಂದರೆ ಎಲ್ಲರೂ ಊರನ್ನೇ ಹುಡುಕುತ್ತಿದ್ದರು. ಹೆಸರಿನ ನಿಜವಾದ ಮೂಲಕ್ಕೂ ಈ ಆಟಕ್ಕೂ ಸಂಬಂಧವಿಲ್ಲ. ಕಿವಿಗೆ ಕೇಳಿಸಿದರೆ ಸಾಕು.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ಎರಡು ಬೆರಳಲ್ಲಿ 'ಇಷ್ಟೇ ಇಷ್ಟು' ಅಂತ ತೋರಿಸುವ ಕೈ. ಅದರ ಮುಂದೆ ಓಡುತ್ತಿರುವ ಮನುಷ್ಯ. "ಸಣ್ಣ ಓಟ" ಅಂದರು, "ಸ್ವಲ್ಪ ಓಡು" ಅಂದರು, ಒಬ್ಬ "ನಾನು ಬೆಳಗ್ಗೆ ವಾಕಿಂಗ್ ಹೋಗೋದು" ಅಂದ. ರಾತ್ರಿಯವರೆಗೂ ಯಾರಿಗೂ ಬರಲಿಲ್ಲ. ಚಿಕ್ಕ, ಓಡಿ. ಸೇರಿಸಿ ಹೇಳಿ ನೋಡಿ: ಚಿಕ್ಕೋಡಿ! ಶಾಲೆಯಲ್ಲಿ ಲೋಪಸಂಧಿಗೆ ಉದಾಹರಣೆ ಕೊಡು ಅಂದರೆ 'ಊರೂರು' ಬಿಟ್ಟು ಬೇರೆ ಹೇಳದವರು ನಾವು. ಮರುದಿನವೇ ಹಾವು ಮತ್ತು ಬೆಟ್ಟ ಹತ್ತುವವನನ್ನು ಹಾಕಿ ಹಾವೇರಿ ಮಾಡಿದರು. ಕನ್ನಡದಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಈ ಆಟಕ್ಕೆ ನಮ್ಮ ಭಾಷೆ ಹೇಳಿ ಮಾಡಿಸಿದ ಹಾಗಿದೆ.

ತೊಂದರೆ ಇಲ್ಲವೇ? ಇದೆ. ಒಬ್ಬ ಉತ್ತರ ಹಾಕಿಬಿಟ್ಟರೆ ಉಳಿದ ನಾಲ್ವರ ಆಟ ಮುಗಿಯಿತು. ಪುಣೆಯವನಿಗೆ ರಾತ್ರಿ ಪಾಳಿ. ಅವನು ಎದ್ದು ಮೊಬೈಲ್ ನೋಡುವ ಹೊತ್ತಿಗೆ ಉತ್ತರ, ಚಪ್ಪಾಳೆ, ಜಗಳ ಎಲ್ಲ ಆಗಿ ಹೋಗಿರುತ್ತಿತ್ತು. ಈಗ ಒಂದು ನಿಯಮ ಇದೆ: ಉತ್ತರವನ್ನು ಒಗಟು ಹಾಕಿದವನಿಗೆ ಮಾತ್ರ ಬೇರೆಯಾಗಿ ಕಳಿಸಬೇಕು, ಅವನು ರಾತ್ರಿ 9ಕ್ಕೆ ಗ್ರೂಪಿನಲ್ಲಿ ಹೇಳುತ್ತಾನೆ. ಇನ್ನೊಂದು ಸಣ್ಣ ಕಿರಿಕಿರಿ ಹೊಸ ಎಮೋಜಿಗಳದ್ದು. ಕೆಳಗೆ ತೋರಿಸುವ ಬಾಣ ಮತ್ತು ಒಂದು ಕಲ್ಲು ಹಾಕಿ ಇಳಕಲ್ ಮಾಡಿದ್ದೆ. ಕಲ್ಲಿನ ಎಮೋಜಿ 2020ರಲ್ಲಿ ಬಂದದ್ದು. ವರ್ಷಗಟ್ಟಲೆ ಏನೂ ಅಪ್‌ಡೇಟ್ ಮಾಡದ ನಮ್ಮ ವಿಜಯಪುರದ ಗೆಳೆಯನಿಗೆ ಬಾಣದ ಪಕ್ಕ ಬರೀ ಖಾಲಿ ಡಬ್ಬಿ ಕಂಡಿತ್ತು. ಅವನು ಡಬ್ಬಿಯೂ ಒಗಟಿನ ಭಾಗ ಅಂದುಕೊಂಡು ಇಡೀ ದಿನ ತಲೆ ಕೆಡಿಸಿಕೊಂಡ.

ಎರಡನೆಯದು ಬ್ರೌಸರಿನಲ್ಲಿ ಆಡುವ ಚಿತ್ರ ಬಿಡಿಸುವ ಆಟ. ಹೆಸರು ಬೇಡ, ಇಂಥವು ಬೇಕಾದಷ್ಟಿವೆ. ಒಬ್ಬರು ರೂಮ್ ಮಾಡಿ ಲಿಂಕ್ ಕಳಿಸಬೇಕು. ಒಬ್ಬ ಬಿಡಿಸುತ್ತಾನೆ, ಉಳಿದವರು ಊಹಿಸಿ ಟೈಪ್ ಮಾಡುತ್ತಾರೆ. 80 ಸೆಕೆಂಡ್ ಸಮಯ. ಬೇಗ ಹೇಳಿದವರಿಗೆ ಜಾಸ್ತಿ ಪಾಯಿಂಟ್. ನಮ್ಮದೇ ಪದಗಳ ಪಟ್ಟಿಯನ್ನೂ ಹಾಕಬಹುದು. ಎಷ್ಟು ಚೆನ್ನ ಅಲ್ವಾ ಅಂದುಕೊಂಡು ನಾನು ಕನ್ನಡದಲ್ಲೇ ಮೂವತ್ತು ಪದ ಹಾಕಿದೆ.

ಮೊದಲ ಪದ ಪಟ್ಟದಕಲ್ಲು. ನಾನು ಗುಡಿ ಬಿಡಿಸಿದೆ, ಪಕ್ಕದಲ್ಲಿ ಹೊಳೆ ಬಿಡಿಸಿದೆ. ಯಾರೂ ಹೇಳುತ್ತಿಲ್ಲ. ಯಾಕೆಂದು ಆಮೇಲೆ ಗೊತ್ತಾಯಿತು. ನಾವು ಓದುವಾಗ ಪಟ್ಟದಕಲ್ಲು ಐದೇ ಅಕ್ಷರ: ಪ, ಟ್ಟ, ದ, ಕ, ಲ್ಲು. ಆಟ ತೋರಿಸಿದ್ದು ಹತ್ತು ಖಾಲಿ ಗೆರೆ! ಕಂಪ್ಯೂಟರಿಗೆ ಒತ್ತಿನ ಗುರುತು ಬೇರೆ, ಒತ್ತಕ್ಷರ ಬೇರೆ, ಕೊಂಬು ಬೇರೆ. ಹತ್ತು ಅಕ್ಷರದ ಊರನ್ನು ಹುಡುಕುತ್ತಾ ಎಲ್ಲರೂ ಮಹಾರಾಷ್ಟ್ರದವರೆಗೆ ಹೋಗಿ ಬಂದರು. ಕೊನೆಗೆ ಸುಳಿವು ಅಂತ ಒಂದು ಅಕ್ಷರ ಬಿಟ್ಟಿತು. ಏನದು? ಚುಕ್ಕೆ ಚುಕ್ಕೆಯ ವೃತ್ತಕ್ಕೆ ಜೋತುಬಿದ್ದ ಒಂದು ಕೊಂಬು.

ಸರಿ, ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹಾಕೋಣ ಅಂದೆವು. ಆಗ ಸ್ಪೆಲಿಂಗ್ ಜಗಳ. ಬಾಗಲಕೋಟೆಗೆ ಕೊನೆಯಲ್ಲಿ ಇ ಬೇಕೋ ಬೇಡವೋ? ಒಂದಕ್ಷರ ತಪ್ಪಿದರೆ 'ಹತ್ತಿರ ಬಂದಿದ್ದೀರಿ' ಅನ್ನುತ್ತದೆ, ಪಾಯಿಂಟ್ ಕೊಡುವುದಿಲ್ಲ. ಗೋಳಗುಮ್ಮಟ ಬಿಡಿಸಿ 'ವಿಜಯಪುರ' ಕೇಳಿದರೆ ಪುಣೆಯವನು ಪ್ರತಿ ಸಲ 'ಬಿಜಾಪುರ' ಅಂತಲೇ ಹೊಡೆಯುತ್ತಾನೆ. ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಅವನಿಗೂ ಗೊತ್ತು. ಆದರೆ 80 ಸೆಕೆಂಡಿನ ಗಡಿಬಿಡಿಯಲ್ಲಿ ಕೈಗೆ ಬರುವುದು ಹಳೆಯ ಹೆಸರೇ. ಹೊಟ್ಟೆ ಹುಣ್ಣಾಗುವಷ್ಟು ನಗಬೇಕಾದರೆ ಮಾತ್ರ ಇದಕ್ಕೆ ಸಾಟಿ ಇಲ್ಲ. ಬೆರಳಲ್ಲಿ ನಾನು ಬಿಡಿಸಿದ ಇಬ್ರಾಹಿಂ ರೋಜಾ ನೋಡಿ "ಏನ್ ತಗದಿಯಲೇ ಇದು, ನಾಲ್ಕು ಕಾಲು ಮ್ಯಾಲ ಮಾಡಿ ಮಲಗಿದ ಎಮ್ಮಿ?" ಅಂತ ಬಂದ ಉತ್ತರವನ್ನು ಇನ್ನೂ ಅವರು ಮರೆತಿಲ್ಲ.

ಮೂರನೆಯದು ನಾನೇ ಮಾಡಿದ್ದು. 2013ರಲ್ಲಿ ಬಂದ '4 ಪಿಕ್ಸ್ 1 ವರ್ಡ್' ನೆನಪಿರಬಹುದು. ನಾಲ್ಕು ಫೋಟೋ, ಎಲ್ಲಕ್ಕೂ ಹೊಂದುವ ಒಂದೇ ಪದ, ಕೆಳಗೆ ಕಲಸಿಟ್ಟ 12 ಅಕ್ಷರ. ಅದು ಒಬ್ಬರೇ ಕೂತು ಆಡುವ ಆಟ. ಅದನ್ನೇ ಕನ್ನಡಕ್ಕೆ ಹೊಂದಿಸಿ ಗೂಗಲ್ ಮೀಟ್‌ನಲ್ಲಿ ಸ್ಕ್ರೀನ್ ತೋರಿಸುತ್ತಾ ಆಡಿಸಿದೆ. ಅಕ್ಷರ ಎಣಿಸುವ ಗೋಳಿಲ್ಲ, ಸ್ಪೆಲಿಂಗ್ ಇಲ್ಲ, ಬಾಯಿಬಿಟ್ಟು ಕೂಗಿದರೆ ಆಯಿತು.

ಒಂದು ಉದಾಹರಣೆ ಕೊಡುತ್ತೇನೆ. ಮೊದಲ ಫೋಟೋ: ಬಿಸಿಲಿಗೆ ಬಾಯಿ ಬಿಟ್ಟ ಕಪ್ಪು ಹೊಲ. ಎರಡನೆಯದು: ಮಣ್ಣಿನಲ್ಲಿ ಹುಳು. ಮೂರನೆಯದು: ಕೂಸಿನ ತಲೆ ಮೇಲೆ ತಂಬಿಗೆಯಿಂದ ನೀರು ಹಾಕುತ್ತಿರುವ ಅಜ್ಜಿ. ನಾಲ್ಕನೆಯದು: ಕಾವಲಿಯ ಮೇಲೆ ದೋಸೆ ಹಿಟ್ಟು. ವೈನಿ "ಮಣ್ಣು" ಅಂದರು, "ಸ್ನಾನ" ಅಂದರು, "ಹುಯ್ಯಿ" ಅಂದರು. ಬೆಳಗಾವಿಯವನು "ಸುರುವು" ಅಂದ. ಒಂದು ಕ್ಷಣ ಎಲ್ಲ ಸುಮ್ಮನಾದರು. ಆಮೇಲೆ ವಿಜಯಪುರದ ಗೆಳೆಯ, ಮನೆಯಲ್ಲಿ ಎರೆಹೊಲ ಇರುವವನು, "ಎರೆ!" ಅಂತ ಕೂಗಿದ. ಎರೆ ಮಣ್ಣು, ಎರೆಹುಳ, ನೀರು ಎರೆ, ದೋಸೆ ಎರೆ. ವೈನಿಗೆ ಎರೆಹುಳ ಗೊತ್ತಿತ್ತು. ಆದರೆ ಜೋಳ ಬೆಳೆಯುವ ಕಪ್ಪು ನೆಲಕ್ಕೂ ಅದೇ ಪದ ಅಂತ ಗೊತ್ತಿರಲಿಲ್ಲ. ಆಟ ನಿಲ್ಲಿಸಿ ಹತ್ತು ನಿಮಿಷ ಮಸಾರಿ (ಕೆಂಪು ಮಣ್ಣು), ಎರೆ ಅಂತ ಹೊಲದ ಮಾತೇ ನಡೆಯಿತು.

ಹೀಗಾಗಿಯೇ ಸಮಯ ಸಾಲುವುದಿಲ್ಲ. ಉಚಿತ ಮೀಟ್‌ನಲ್ಲಿ ಮೂರು ಜನ ಅಥವಾ ಜಾಸ್ತಿ ಇದ್ದರೆ 60 ನಿಮಿಷಕ್ಕೆ ಕಾಲ್ ಮುಗಿಯುತ್ತದೆ. ನಮಗೆ ಏಳೆಂಟು ಒಗಟು ಆಗುತ್ತವೆ ಅಷ್ಟೇ. ಅದಕ್ಕಿಂತ ಕಷ್ಟ ತಯಾರಿ. ಒಂದು ಪದಕ್ಕೆ ನಾಲ್ಕು ಅರ್ಥ ಹುಡುಕಿ, ಫೋಟೋ ಜೋಡಿಸಲು ನನಗೆ ಅರ್ಧ ಗಂಟೆ ಬೇಕು. 'ಕಾಲು', 'ಮಡಿ', 'ಹಿಡಿ' ಇಂಥ ಪದಗಳು ಮೊದಲೇ ಖರ್ಚಾಗಿ ಹೋದವು. ಆರೂ ಜನ ಒಂದೇ ಹೊತ್ತಿಗೆ ಸಿಗುವುದಂತೂ ದೇವರ ದಯೆ.

ಹಾಗಾದರೆ ಯಾವುದು? ಮನೆಯಲ್ಲಿ ಮಕ್ಕಳಿದ್ದರೆ ಹಿಂದೆಮುಂದೆ ನೋಡದೆ ಚಿತ್ರ ಬಿಡಿಸುವ ಆಟ ಆರಿಸಿ, ಸ್ಪೆಲಿಂಗ್ ಪಟ್ಟಿಯನ್ನು ಮೊದಲೇ ಎಲ್ಲರಿಗೂ ತೋರಿಸಿ. ಹಬ್ಬ, ಹುಟ್ಟುಹಬ್ಬ ಅಂತ ಎಲ್ಲರೂ ಸೇರುವ ದಿನ ಇದ್ದರೆ ಫೋಟೋ ಆಟ. ಒಗಟಿನ ರುಚಿಯಲ್ಲಿ ಅದೇ ಮೇಲು, ಇದನ್ನು ನಾನು ಒಪ್ಪುತ್ತೇನೆ. ಆದರೂ ನನ್ನ ಓಟು ಎಮೋಜಿಗೆ. ದಿನಕ್ಕೆ ಒಂದು, ಯಾವಾಗ ಬೇಕಾದರೂ. ಬಸ್ಸಿನಲ್ಲಿ, ಹಿಟ್ಟಿನ ಗಿರಣಿಯ ಪಾಳಿಯಲ್ಲಿ, ರೊಟ್ಟಿ ತಿನ್ನುತ್ತಾ ತಲೆಯಲ್ಲಿ ತಿರುಗುತ್ತಲೇ ಇರುತ್ತದೆ.

ಮೊನ್ನೆ ವೈನಿಯ ಸರದಿ ಇತ್ತು. 1, 2 ಅಂತ ಅಂಕಿ ಹಾಕಿ ಮುಂದೆ ಬಿಲ್ಲು ಬಾಣ ಇಟ್ಟಿದ್ದರು. ವಿಜಯಪುರದ ನಾವಿಬ್ಬರೂ ಹನ್ನೆರಡು ಬಿಲ್ಲು, ಹನ್ನೆರಡು ಬಾಣ ಅಂತ ದಿನವಿಡೀ ಗುಣುಗಿದೆವು. ಸಂಜೆ ಯಾರದೋ ಫೋನ್ ಬಂತು ಅಂತ ಸ್ಕೂಟರ್ ಬದಿಗೆ ನಿಲ್ಲಿಸಿದೆ. ಮಾತು ಮುಗಿಸಿ ತಲೆ ಎತ್ತಿದರೆ, ಎದುರಿಗೇ ನಮ್ಮೂರಿನ ಹಳೆಯ ಸ್ಮಾರಕ. ಬಾರಾ ಅಂದರೆ ಹನ್ನೆರಡು, ಕಮಾನು ಅಂದರೆ ಬಿಲ್ಲು: ಬಾರಾ ಕಮಾನು.