ಫೈಲ್ ಎಲ್ಲಿಟ್ಟೆ ಅಂತ ಮರೆಯುವವರಿಗೆ 'ಎವೆರಿಥಿಂಗ್'

ಎರಡು ವರ್ಷದಿಂದ ದಿನಾ ಬಳಸುತ್ತಿದ್ದೇನೆ, ಅದಕ್ಕೇ ಧೈರ್ಯವಾಗಿ ಹೇಳ್ತೀನಿ. ವಿಂಡೋಸ್ ಕಂಪ್ಯೂಟರ್ ಇದ್ದವರು ಮೊದಲು ಹಾಕಿಕೊಳ್ಳಬೇಕಾದ ಸಾಫ್ಟ್‌ವೇರ್ ಇದು. ವಾಯ್ಡ್‌ಟೂಲ್ಸ್‌ನವರದ್ದು. ಪೂರ್ತಿ ಉಚಿತ, ಜಾಹೀರಾತಿನ ಕಾಟವೂ ಇಲ್ಲ.

ಕೆಲಸ ಒಂದೇ, ಹೆಸರಿನಿಂದ ಫೈಲ್ ಹುಡುಕುವುದು. ಮೊನ್ನೆ ನನ್ನ ಹಳೆಯ ರೆಸ್ಯೂಮೆ ಬೇಕಾಯಿತು, ಯಾವ ಫೋಲ್ಡರ್‌ನಲ್ಲಿದೆ ಅಂತ ನೆನಪೇ ಇಲ್ಲ. ಹೆಸರಿನ ನಾಲ್ಕು ಅಕ್ಷರ ಒತ್ತುವಷ್ಟರಲ್ಲಿ ಪಟ್ಟಿ ಕರಗುತ್ತಾ ಬಂದು ಆರೇ ಫೈಲ್ ಉಳಿದವು, ದಿನಾಂಕದ ಕಾಲಂ ಮೇಲೆ ಕ್ಲಿಕ್ ಮಾಡಿದೆ, ಬೇಕಾಗಿದ್ದು ಎಲ್ಲಕ್ಕಿಂತ ಮೇಲೆ ಬಂದು ಕೂತಿತು. ಇಷ್ಟು ವೇಗ ಹೇಗೆ ಅಂದರೆ, ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ) ಬಳಸುವ ಡಿಸ್ಕ್ ತನ್ನಲ್ಲಿರುವ ಫೈಲ್‌ಗಳ ಹೆಸರನ್ನೆಲ್ಲ ಮಾಸ್ಟರ್ ಫೈಲ್ ಟೇಬಲ್ ಅನ್ನೋ ಪಟ್ಟಿಯಲ್ಲಿ ಇಟ್ಟಿರುತ್ತದೆ. ಎವೆರಿಥಿಂಗ್ ಒಂದೊಂದೇ ಫೋಲ್ಡರ್ ತಡಕುವುದಿಲ್ಲ, ನೇರವಾಗಿ ಆ ಪಟ್ಟಿಯನ್ನೇ ಓದಿಕೊಳ್ಳುತ್ತದೆ. ಹತ್ತು ಲಕ್ಷ ಫೈಲ್ ಇದ್ದರೂ ಸುಮಾರು 75 ಎಂಬಿ ರ‍್ಯಾಮ್ ಸಾಕು ಅನ್ನುತ್ತಾರೆ ತಯಾರಕರು. ಹಳೇ ಲ್ಯಾಪ್‌ಟಾಪ್‌ಗೂ ಅದೇನು ಜಾಸ್ತಿ ಅಲ್ಲ, ಅಲ್ವಾ?

ನನಗೆ ತುಂಬಾ ಇಷ್ಟವಾದದ್ದು ಸೈಜ್ ಕಾಲಂ. ಡಿಸ್ಕ್ ತುಂಬಿದಾಗ ಅದರ ಮೇಲೆ ಕ್ಲಿಕ್ ಮಾಡಿ, ಜಾಗ ನುಂಗಿದ ದೊಡ್ಡ ವಿಡಿಯೊಗಳೆಲ್ಲ ಸಾಲಾಗಿ ಕಾಣುತ್ತವೆ. ಗೊತ್ತಿಲ್ಲದ ಸಿಸ್ಟಂ ಫೈಲ್ ಮಾತ್ರ ಅಳಿಸಬೇಡಿ. ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳೂ ಸಿಗುತ್ತವೆ.

ಕೊರತೆ ಇದೆ. ಫೈಲ್ ಒಳಗಿನ ಬರಹ ಹುಡುಕಲು ಹೋದರೆ ನಿಧಾನ. ಮ್ಯಾಕ್‌ಗೆ ಇಲ್ಲ.

ಇಳಿಸಿಕೊಳ್ಳುವುದಾದರೆ ವಾಯ್ಡ್‌ಟೂಲ್ಸ್‌ನ ಸ್ವಂತ ತಾಣದಿಂದಲೇ ಇಳಿಸಿ. ನಾನು ಒಮ್ಮೆ ಇನ್ಯಾವುದೋ ಡೌನ್‌ಲೋಡ್ ತಾಣ ನಂಬಿಕೊಂಡು ಬೇರೊಂದು ಸಾಫ್ಟ್‌ವೇರ್ ಜೊತೆಗೆ ಬೇಡದ ಮೂರನ್ನು ಹಾಕಿಕೊಂಡಿದ್ದೆ, ತೆಗೆಯೋಕೆ ಅರ್ಧ ದಿನ ಹಿಡಿಯಿತು.