ಮೊಟ್ಟೆಯೋ, ಸೋಯಾ ಚಂಕ್ಸೋ, ವೇ ಪುಡಿಯೋ?

ಮೈಕಟ್ಟು ಬೇಕೆಂದರೆ ಮೊದಲು ಸ್ಕ್ವಾಟ್, ಪುಶ್‌ಅಪ್‌ನಂಥ ಕಸರತ್ತು: ವಾರಕ್ಕೆ ಎರಡು ಮೂರು ಸಲ, ಭಾರ ಸ್ವಲ್ಪಸ್ವಲ್ಪವೇ ಏರಿಸುತ್ತಾ. ಅದಿಲ್ಲದೆ ಯಾವ ಪ್ರೋಟೀನೂ ಸ್ನಾಯು ಬೆಳೆಸದು.

ಕಸರತ್ತು ಮಾಡುವವರಿಗೆ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ಇದ್ದರೆ 96 ಗ್ರಾಂ. ಬರೀ ಮುದ್ದೆ-ಸಾರಿನಲ್ಲಿ ಅಷ್ಟು ಸಿಗುವುದು ಕಷ್ಟ.

ಮೊಟ್ಟೆಯಲ್ಲಿ ತಲಾ 6 ಗ್ರಾಂ, ದೇಹಕ್ಕೆ ಚೆನ್ನಾಗಿ ದಕ್ಕುತ್ತದೆ. ದಯವಿಟ್ಟು ಹಳದಿ ಬಿಸಾಡಬೇಡಿ, ಸುಮಾರು ಶೇಕಡ 40ರಷ್ಟು ಪ್ರೋಟೀನ್ ಅದರಲ್ಲೇ ಇದೆ.

ಸಸ್ಯಾಹಾರಿಗಳಿಗೆ ನನ್ನ ಆಯ್ಕೆ ಸೋಯಾ ಚಂಕ್ಸ್. 50 ಗ್ರಾಂ ಒಣ ಚಂಕ್ಸ್‌ನಲ್ಲಿ ಸುಮಾರು 26 ಗ್ರಾಂ. ಬಿಸಿನೀರಲ್ಲಿ ನೆನೆಸಿ, ಹಿಂಡಿ, ಪಲ್ಯಕ್ಕೋ ಸಾಗುಗೋ ಹಾಕಿ. ಅಗ್ಗ, ಹೊಟ್ಟೆಯೂ ತುಂಬುತ್ತದೆ.

ವೇ ಪುಡಿ, ಅಂದರೆ ಹಾಲು ಒಡೆದಾಗ ಉಳಿಯುವ ನೀರಿನಿಂದ ಮಾಡಿದ ಪ್ರೋಟೀನ್ ಪುಡಿ, ಒಂದು ಸ್ಕೂಪಿಗೆ ಸುಮಾರು 24 ಗ್ರಾಂ, ಆದರೆ ದುಬಾರಿ. ಅಡುಗೆಗೆ ಪುರುಸೊತ್ತಿಲ್ಲದವರು ಕೊಳ್ಳಲಿ. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.