ಹಳೇ ಅರ್ಜಿ ಪುಟಗಳನ್ನು ಬದಲಿಸಲು ಗವ್.ಯುಕೆ ಡಿಸೈನ್ ಸಿಸ್ಟಮ್: ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ

ಹದಿನೈದು ವರ್ಷ ಹಳೆಯ ವೆಬ್ ಅಪ್ಲಿಕೇಶನ್ನನ್ನು ಒಂದೇ ಏಟಿಗೆ ಕಿತ್ತು ಹೊಸದನ್ನು ಕಟ್ಟುವ ಅನುಕೂಲ ಯಾವ ತಂಡಕ್ಕೂ ಸಿಗುವುದಿಲ್ಲ. ಹಳೆಯದು ಓಡುತ್ತಿರುವಾಗಲೇ ಒಂದೊಂದೇ ಪುಟವನ್ನು ಬದಲಿಸುತ್ತ ಹೋಗಬೇಕು. ಬ್ರಿಟನ್‌ನ ಗವರ್ನಮೆಂಟ್ ಡಿಜಿಟಲ್ ಸರ್ವಿಸ್ (ಜಿಡಿಎಸ್) 2018ರಲ್ಲಿ ಹೊರತಂದ ಗವ್.ಯುಕೆ ಡಿಸೈನ್ ಸಿಸ್ಟಮ್, ಅಂದರೆ ಸರ್ಕಾರಿ ವೆಬ್ ಪುಟಗಳಿಗೆ ಬೇಕಾದ ಬಟನ್, ಫಾರಂಗಳಂಥ ಸಿದ್ಧ ಭಾಗಗಳ ಮತ್ತು ಸಲಹೆಗಳ ಸಂಗ್ರಹ, ಅಂಥ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ. ಕೋಡ್ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಎಂಐಟಿ ಲೈಸೆನ್ಸ್‌ನಲ್ಲಿದೆ, ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂನಿಂದ ಒಂದೇ ಪ್ಯಾಕೇಜ್ ಆಗಿ ಇಳಿಯುತ್ತದೆ. ಹೊರಗಿನವರು ಬಳಸುವಾಗ ಮೊದಲು ಮಾಡಬೇಕಾದ್ದು, ಜಿಡಿಎಸ್ ಟ್ರಾನ್ಸ್‌ಪೋರ್ಟ್ ಫಾಂಟನ್ನೂ ಕಿರೀಟದ ಲೋಗೋವನ್ನೂ ತೆಗೆಯುವುದು. ಅವು ಬ್ರಿಟನ್ ಸರ್ಕಾರದ ಸೇವೆಗಳಿಗೆ ಮಾತ್ರ ಮೀಸಲು. ಫಾಂಟ್ ಬದಲಿಸಲು ಸಾಸ್ ಎಂಬ ಸ್ಟೈಲ್ ಭಾಷೆಯಲ್ಲಿ ಒಂದು ವೇರಿಯಬಲ್ ಸಾಕು.

ಇದರ ದೊಡ್ಡ ಗುಣ ಒಂದು ಸಣ್ಣ ಶಿಸ್ತಿನಲ್ಲಿದೆ. ಪುಟದ ರೂಪ ನಿರ್ಧರಿಸುವ ಎಲ್ಲ ಸಿಎಸ್‌ಎಸ್ ಕ್ಲಾಸ್‌ಗಳ ಹೆಸರೂ 'ಗವ್‌ಯುಕೆ' ಎಂದೇ ಶುರುವಾಗುತ್ತದೆ. ಹಾಗಾಗಿ ಹಳೆಯ ಸ್ಟೈಲ್‌ಶೀಟ್ ಇರುವ ಪುಟದಲ್ಲೇ ಹೊಸ ಬಟನ್ ಕೂರಿಸಬಹುದು, ಹೆಸರು ಡಿಕ್ಕಿ ಹೊಡೆಯುವುದಿಲ್ಲ. ಆದರೆ ಸೋರಿಕೆ ಇದ್ದೇ ಇರುತ್ತದೆ. ಹಳೆಯ ಫೈಲ್‌ನಲ್ಲಿ ಎಲ್ಲ ಲೇಬಲ್‌ಗಳಿಗೂ 'ಎಡಕ್ಕೆ ಫ್ಲೋಟ್, ಅಗಲ 30%' (ಎಡಬದಿಗೆ ಸರಿದು ಕೂರು) ಎಂಬ ನಿಯಮವಿದ್ದರೆ ಅದು ಹೊಸ ಲೇಬಲ್‌ಗೂ ಅಂಟಿಕೊಳ್ಳುತ್ತದೆ, ಏಕೆಂದರೆ ಹೊಸ ಕ್ಲಾಸ್ ಫ್ಲೋಟ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಇನ್ನೊಂದು ಕಾಟ, ಇಡೀ ಪುಟದ ಮೂಲ ಗಾತ್ರವಾದ ರೂಟ್ ಫಾಂಟ್ ಗಾತ್ರವನ್ನು 62.5%ಗೆ ಇಳಿಸುವ ಹಳೇ ಚಾಳಿ. ಇಲ್ಲಿನ 19 ಪಿಕ್ಸೆಲ್ ಅಕ್ಷರವೆಂದರೆ ರೂಟ್ 16 ಪಿಕ್ಸೆಲ್ ಎಂಬ ಲೆಕ್ಕದಲ್ಲಿ 1.1875 ರೆಮ್ (ರೂಟ್ ಗಾತ್ರದ ಅಷ್ಟು ಪಟ್ಟು). ರೂಟ್ 10 ಪಿಕ್ಸೆಲ್ ಆಗಿದ್ದರೆ ಅದು 12ಕ್ಕೂ ಕಡಿಮೆಯಾಗಿ, ಓದಲು ಕಣ್ಣು ಕಿರಿದು ಮಾಡಬೇಕಾಗುತ್ತದೆ. ಮೊದಲ ದಿನವೇ ಈ ಎರಡನ್ನೂ ಹುಡುಕಿ ತೆಗೆಯಿರಿ.

ಬರೀ ಬಣ್ಣ ಬಳಿದರೆ ಕೆಲಸದ ಹರಿವು ಸುಧಾರಿಸುವುದಿಲ್ಲ. ನಲವತ್ತು ಫೀಲ್ಡ್‌ಗಳ ಅರ್ಜಿಯನ್ನು ಒಂದು ಪುಟಕ್ಕೊಂದು ಪ್ರಶ್ನೆಯಂತೆ ಒಡೆದು, ಕೊನೆಯಲ್ಲಿ 'ಉತ್ತರಗಳನ್ನು ಪರಿಶೀಲಿಸಿ' ಪುಟ ಇಡಬೇಕೆಂಬ ಇದರ ಸಲಹೆಯನ್ನು ಪೂರ್ತಿ ಒಪ್ಪುತ್ತೇವೆ. ದೋಷ ತೋರಿಸುವ ಕ್ರಮವಂತೂ ಅಚ್ಚುಕಟ್ಟು: ಪುಟದ ತಲೆಗೆ ದೋಷಗಳ ಪಟ್ಟಿ, ಪ್ರತಿ ಸಾಲಿನಿಂದ ಆಯಾ ಫೀಲ್ಡ್‌ಗೆ ಲಿಂಕ್, ಫೀಲ್ಡ್ ಪಕ್ಕದಲ್ಲೂ ಅಕ್ಷರಶಃ ಅದೇ ವಾಕ್ಯ. ಹುಟ್ಟಿದ ದಿನಾಂಕಕ್ಕೆ ಕ್ಯಾಲೆಂಡರ್ ಇಲ್ಲ, ಮೂರು ಪೆಟ್ಟಿಗೆ. ಅವುಗಳ ಇನ್‌ಪುಟ್ ಬಗೆಯನ್ನು 'ನಂಬರ್' ಮಾಡಬೇಡಿ. ಮೌಸ್ ಚಕ್ರ ತಿರುಗಿದರೆ ಗೊತ್ತಾಗದಂತೆ ಅಂಕಿ ಬದಲಾಗುವ ಅಪಾಯವಿದೆ. 'ಟೆಕ್ಸ್ಟ್' ಇಟ್ಟು, ಮೊಬೈಲ್ ಕೀಬೋರ್ಡ್ ಬಗೆಯನ್ನು ಸೂಚಿಸುವ ಇನ್‌ಪುಟ್‌ಮೋಡ್ ಮಾತ್ರ 'ನ್ಯೂಮೆರಿಕ್' ಮಾಡಿ.

2023ರ ಕೊನೆಗೆ ಬಂದ 5ನೇ ಆವೃತ್ತಿಗೆ ಏರುವಾಗ ಎಡವುವವರು ಹೆಚ್ಚು. ಫೈಲ್‌ಗಳ ದಾರಿಯಲ್ಲಿ 'ಡಿಸ್ಟ್' ಎಂಬ ಫೋಲ್ಡರ್ ಸೇರಿದೆ, ಸ್ಕ್ರಿಪ್ಟನ್ನು ಮಾಡ್ಯೂಲ್ ಆಗಿಯೇ ಕರೆಯಬೇಕು, ಬಾಡಿ ಟ್ಯಾಗ್‌ಗೆ ಹೊಸದೊಂದು 'ಸಪೋರ್ಟೆಡ್' ಕ್ಲಾಸ್ ಬೀಳಬೇಕು. ಆ ಕ್ಲಾಸ್ ಹಾಕುವ ಪುಟ್ಟ ಇನ್‌ಲೈನ್ ಸ್ಕ್ರಿಪ್ಟನ್ನು ನಿಮ್ಮ ಸರ್ವರ್‌ನ ಸಿಎಸ್‌ಪಿ (ಯಾವ ಸ್ಕ್ರಿಪ್ಟ್ ಓಡಬಹುದೆಂಬ ಭದ್ರತಾ ನಿಯಮ) ತಡೆದರೆ, ಒತ್ತಿದಾಗ ತೆರೆದು ಮುಚ್ಚುವ ಅಕಾರ್ಡಿಯನ್ ಮಡಚಿಕೊಳ್ಳುವುದೇ ಇಲ್ಲ. ಆಗಲೂ ಒಳಗಿನ ಮಾಹಿತಿ ತೆರೆದೇ ಇರುತ್ತದೆ, ಬಳಕೆದಾರರಿಗೆ ನಷ್ಟವಿಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್ 11ರಲ್ಲಿ ಇನ್ನು ಇದರ ಜಾವಾಸ್ಕ್ರಿಪ್ಟ್ ಓಡುವುದಿಲ್ಲ.

ಕಚೇರಿ ಸಿಬ್ಬಂದಿ ದಿನವಿಡೀ ಕೂತು ಕೆಲಸ ಮಾಡುವ ಕಿಕ್ಕಿರಿದ ಪಟ್ಟಿಗಳಿಗೆ ಇಲ್ಲಿ ಸಿಗುವುದು ಕಡಿಮೆ. ವಿಂಗಡಿಸುವ ಟೇಬಲ್, ಫಿಲ್ಟರ್ ಬೇಕಿದ್ದರೆ ಬ್ರಿಟನ್ನಿನ ನ್ಯಾಯ ಸಚಿವಾಲಯದ ಡಿಸೈನ್ ಸಿಸ್ಟಮ್‌ನಿಂದ ತರಬೇಕು.

ಕನ್ನಡದ ಪುಟಗಳಿಗೆ ಎರಡು ತಿದ್ದುಪಡಿ ಕಡ್ಡಾಯ. 19 ಪಿಕ್ಸೆಲ್ ಅಕ್ಷರಕ್ಕೆ 25 ಪಿಕ್ಸೆಲ್ ಸಾಲಿನ ಎತ್ತರ ಇಂಗ್ಲಿಷ್‌ಗೆ ಸರಿ. ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುವಂತೆ ಕಾಣುತ್ತವೆ, 30ರ ಆಸುಪಾಸಿಗೆ ಏರಿಸಿ. ಎರಡನೆಯದು ಅಕ್ಷರ ಎಣಿಸುವ ಕಾಂಪೊನೆಂಟ್ (ಸಿದ್ಧ ಭಾಗ). ಅದು ಎಣಿಸುವುದು ಯೂನಿಕೋಡ್ ಘಟಕಗಳನ್ನು. 'ಸ್ತ್ರೀ' ಎಂದು ಬರೆದವರ ಕಣ್ಣಿಗೆ ಅದು ಒಂದೇ ಅಕ್ಷರ, ಪರದೆಯ ಲೆಕ್ಕದಲ್ಲಿ ಆರು. 200ರ ಮಿತಿ ಬಹುಬೇಗ ಮುಗಿದುಹೋಗಿ ದೂರು ಬರೆಯುತ್ತಿರುವವರಿಗೆ ಅರ್ಧ ವಾಕ್ಯದಲ್ಲೇ ಮಿತಿ ಮೀರಿದ ಎಚ್ಚರಿಕೆ ಕಾಣುತ್ತದೆ. ಅದೇ ಕಾಂಪೊನೆಂಟ್‌ನಲ್ಲಿ ಪದಗಳ ಮಿತಿಯ ಆಯ್ಕೆಯೂ ಇದೆ, ಕನ್ನಡಕ್ಕೆ ಅದನ್ನೇ ಬಳಸಿ. ಸರ್ವರ್ ಕಡೆಯ ಪರೀಕ್ಷೆಯನ್ನೂ ಅದಕ್ಕೆ ತಕ್ಕಂತೆ ಬದಲಿಸಿ, ಇಲ್ಲವಾದರೆ ಪುಟ ಒಪ್ಪಿದ ಅರ್ಜಿಯನ್ನು ಸರ್ವರ್ ತಿರಸ್ಕರಿಸುತ್ತದೆ.